ಜ್ವಾಲಾಮುಖಿ ಕೊಟ್ಟ ಗಾಳಿ, ಕೊಡದ ಆಕ್ಸಿಜನ್

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕ್ಲಬ್ಬಿನ ಕ್ವಿಜ್‌ನಲ್ಲಿ ಒಂದು ಪ್ರಶ್ನೆ ಬಂತು. "ಜ್ವಾಲಾಮುಖಿಯ ಅನಿಲಗಳಲ್ಲಿ ಇವುಗಳಲ್ಲಿ ಯಾವುದು ಇರೋದಿಲ್ಲ? ನೀರಾವಿ, ನೈಟ್ರೋಜನ್, ಆಕ್ಸಿಜನ್, ಸಲ್ಫರ್ ಡೈಆಕ್ಸೈಡ್." ನಾನು ಹಿಂದೆ ಮುಂದೆ ನೋಡದೆ ಬಜರ್ ಒತ್ತಿ "ನೈಟ್ರೋಜನ್" ಅಂದೆ. ತಪ್ಪು. ಸರಿ ಉತ್ತರ ಆಕ್ಸಿಜನ್. ನಮ್ಮ ಟೀಮ್ ಒಂದೇ ಪಾಯಿಂಟ್‌ನಲ್ಲಿ ಸೋತಿತು, ಆ ಪಾಯಿಂಟ್ ಯಾವುದು ಅಂತ ನನ್ನ ಟೀಮಿನವರು ಈಗಲೂ ಕ್ಯಾಂಟೀನ್‌ನಲ್ಲಿ ನೆನಪಿಸ್ತಾರೆ.

ಸೋತಿದ್ದಕ್ಕಿಂತ ಜಾಸ್ತಿ ತಲೆ ಕೆಡಿಸಿದ್ದು ಬೇರೆ ವಿಷಯ. ನಮ್ಮ ಗಾಳಿಯಲ್ಲಿ ಶೇ. 78 ನೈಟ್ರೋಜನ್, ಶೇ. 21 ಆಕ್ಸಿಜನ್. ಭೂಮಿಯ ವಾತಾವರಣ ಜ್ವಾಲಾಮುಖಿಗಳಿಂದ ಬಂತು ಅಂತ ಸ್ಕೂಲ್‌ನಲ್ಲಿ ಓದಿದ್ದೆ. ಆದ್ರೆ ಜ್ವಾಲಾಮುಖಿ ಬಿಡೋ ಅನಿಲದಲ್ಲಿ ಬಹುಪಾಲು ನೀರಾವಿ, ಆಮೇಲೆ ಕಾರ್ಬನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಸ್ವಲ್ಪ ಹೈಡ್ರೋಜನ್, ಹೈಡ್ರೋಜನ್ ಸಲ್ಫೈಡ್, ಹೈಡ್ರೋಜನ್ ಕ್ಲೋರೈಡ್. ನೈಟ್ರೋಜನ್ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲಿನ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಆಕ್ಸಿಜನ್ ಅಂತೂ ಇಲ್ಲವೇ ಇಲ್ಲ. ಹಾಗಾದ್ರೆ ಇದು ಹೇಗೆ ಅದಾಯ್ತು? ಅಡುಗೆಮನೆಗೆ ಹೋಗಿದ್ದು ರಾಗಿ, ಹೊರಗೆ ಬಂದಿದ್ದು ದೋಸೆ ಅಂದ್ರೆ ಮಧ್ಯೆ ಏನೋ ಆಗಿರ್ಲೇಬೇಕು ಅಲ್ವಾ?

ಮೊದಲು, ಭೂಮಿಯ ಗಾಳಿ ಒಳಗಿಂದಲೇ ಬಂತು ಅಂತ ಹೇಗೆ ಹೇಳ್ತೀವಿ? ಸೂರ್ಯ ಹುಟ್ಟಿದ ಅನಿಲದ ಮೋಡದಲ್ಲೇ ಭೂಮಿಯೂ ಹುಟ್ಟಿದ್ದು. ಆ ಮೋಡದ ಗಾಳಿಯನ್ನೇ ಸುತ್ತ ಹೊದ್ದುಕೊಂಡಿರಬಹುದಲ್ಲ? ಇದಕ್ಕೆ ಉತ್ತರ ಕೊಡೋದು ನಿಯಾನ್. ಹೌದು, ಅಂಗಡಿ ಬೋರ್ಡಿನ ನಿಯಾನ್. ಅದು ಯಾವುದರ ಜೊತೆಗೂ ಸೇರೋದಿಲ್ಲ, ಕಲ್ಲಾಗಲ್ಲ, ಮಳೆಯಾಗಿ ಬೀಳಲ್ಲ. ಸೂರ್ಯನಲ್ಲಿ ನಿಯಾನ್ ಹೆಚ್ಚುಕಡಿಮೆ ನೈಟ್ರೋಜನ್‌ನಷ್ಟೇ ಇದೆ. ಆ ಮೋಡದ ಗಾಳಿ ಇಲ್ಲಿ ಉಳಿದಿದ್ದರೆ ನಮ್ಮ ಗಾಳಿಯಲ್ಲೂ ಹಾಗೇ ಇರಬೇಕಿತ್ತು. ಇರೋದು ಎಷ್ಟು? ಹತ್ತು ಲಕ್ಷಕ್ಕೆ 18 ಪಾಲು. ಅಂದ್ರೆ ಆ ಮೊದಲ ಹೊದಿಕೆ ಏನಾದ್ರೂ ಇದ್ದಿದ್ರೆ ಅದು ಹಾರಿಹೋಗಿದೆ. ಈಗಿರೋದು ಎರಡನೇದು. ಘನವಸ್ತುಗಳ ಒಳಗೆ ಸಿಕ್ಕಿಹಾಕಿಕೊಂಡಿದ್ದ ನೀರು, ಇಂಗಾಲ, ನೈಟ್ರೋಜನ್ ಆಮೇಲೆ ಹೊರಬಂದು ಆಗಿದ್ದು.

ಹೊರಬರೋದು ಹೇಗೆ ಅನ್ನೋದಕ್ಕೆ ಸೋಡಾ ಬಾಟಲಿ ಸಾಕು. ಪ್ರೆಶರ್ ಇರೋವರೆಗೆ ಅನಿಲ ಕರಗಿ ಕೂತಿರುತ್ತೆ, ಮುಚ್ಚಳ ತೆಗೆದ್ರೆ ಬುಸ್ ಅಂತ ಬರುತ್ತೆ. ಆಳದಲ್ಲಿರೋ ಮ್ಯಾಗ್ಮಾದಲ್ಲೂ ನೀರು, ಕಾರ್ಬನ್ ಡೈಆಕ್ಸೈಡ್, ಸಲ್ಫರ್ ಎಲ್ಲ ಕರಗಿರುತ್ತೆ. ಮೇಲೆ ಏರಿದ ಹಾಗೆ ಪ್ರೆಶರ್ ಕಡಿಮೆಯಾಗಿ ಗುಳ್ಳೆ ಬರುತ್ತೆ. ಜ್ವಾಲಾಮುಖಿ ಸಿಡಿಯೋಕೆ ಮುಖ್ಯ ಕಾರಣವೇ ಈ ಗುಳ್ಳೆಗಳು. ಈ ಪ್ರೆಶರ್ ವಿಷಯ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತೆ.

1951ರಲ್ಲಿ ವಿಲಿಯಂ ರೂಬಿ ಅನ್ನೋ ಅಮೆರಿಕದ ಭೂವಿಜ್ಞಾನಿ ಒಂದು ಲೆಕ್ಕ ಹಾಕಿದರು. ನಮ್ಮ ಅಕೌಂಟ್ಸ್ ಓದೋ ಫ್ರೆಂಡ್ಸ್‌ಗೆ ಖುಷಿಯಾಗೋ ಥರದ ಲೆಕ್ಕ. ಸಮುದ್ರದ ನೀರು, ಗಾಳಿ, ಸುಣ್ಣದಕಲ್ಲು ಎಲ್ಲದರಲ್ಲಿರೋ ನೀರು, ಇಂಗಾಲ, ಕ್ಲೋರಿನ್, ನೈಟ್ರೋಜನ್, ಸಲ್ಫರ್ ಒಂದು ಕಡೆ. ಬಂಡೆಗಳು ಸವೆದು ಅದರಿಂದ ಬರಬಹುದಾದಷ್ಟು ಇನ್ನೊಂದು ಕಡೆ. ಎರಡೂ ಟ್ಯಾಲಿ ಆಗಲಿಲ್ಲ. ಸವೆದ ಬಂಡೆಗಳಿಂದ ಸೋಡಿಯಂ ಬರುತ್ತೆ, ಕ್ಯಾಲ್ಸಿಯಂ ಬರುತ್ತೆ, ಆದ್ರೆ ಅಷ್ಟು ನೀರು, ಅಷ್ಟು ಇಂಗಾಲ, ಅಷ್ಟು ಕ್ಲೋರಿನ್ ಬರೋದು ಸಾಧ್ಯವೇ ಇಲ್ಲ. ಆ ಹೆಚ್ಚುವರಿ ಭೂಮಿಯ ಒಳಗಿಂದ, ಜ್ವಾಲಾಮುಖಿ ಮತ್ತು ಬಿಸಿನೀರಿನ ಬುಗ್ಗೆಗಳ ಮೂಲಕ ಬಂತು ಅಂತ ರೂಬಿ ವಾದ. ನನಗೆ ಇದರಲ್ಲಿ ಇಷ್ಟವಾಗಿದ್ದು ಉಪ್ಪಿನ ಕಥೆ. ಸಾರಿಗೆ ಹಾಕೋ ಉಪ್ಪಲ್ಲಿ ಸೋಡಿಯಂ ಬಂಡೆಯ ಪಾಲು, ಕ್ಲೋರಿನ್ ಜ್ವಾಲಾಮುಖಿಯ ಪಾಲು.

ಈಗ ನನ್ನ ತಪ್ಪು ಉತ್ತರಕ್ಕೆ ಬರ್ತೀನಿ. ಗಾಳಿಯಲ್ಲಿ ಇರೋದು ಹೊರಬಂದದ್ದರ ಲೆಕ್ಕ ಅಲ್ಲ, ಖರ್ಚಾಗದೆ ಉಳಿದದ್ದರ ಲೆಕ್ಕ. ತಿಂಗಳಿಗೆ ಐವತ್ತು ಸಾವಿರ ಸಂಬಳ ಬಂದು ಪೂರ್ತಿ ಖರ್ಚಾದ್ರೆ ಬ್ಯಾಲೆನ್ಸ್ ಸೊನ್ನೆ. ತಿಂಗಳಿಗೆ ನೂರು ರೂಪಾಯಿ ಪಿಗ್ಮಿ ಕಟ್ಟಿ ಮುಟ್ಟದೆ ಇಟ್ಟರೆ ಕೊನೆಗೆ ಅದೇ ದೊಡ್ಡ ಮೊತ್ತ. ನೀರಾವಿ ತಣ್ಣಗಾಗಿ ಸಮುದ್ರ ಆಯ್ತು. ಹೈಡ್ರೋಜನ್ ಕ್ಲೋರೈಡ್ ಮಳೆಯಲ್ಲಿ ಕರಗಿ ಸಮುದ್ರ ಸೇರಿತು. ಸಲ್ಫರ್ ಬೇಗ ಬೇಗ ಕೆಳಗೆ ಬಿತ್ತು. ಹೈಡ್ರೋಜನ್ ಹಗುರ, ಸ್ವಲ್ಪ ಸ್ವಲ್ಪವಾಗಿ ಆಕಾಶಕ್ಕೇ ಹೊರಟುಹೋಯಿತು. ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಕರಗಿ, ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣದಕಲ್ಲಾಯಿತು. ನೈಟ್ರೋಜನ್ ಮಾತ್ರ ಪಿಗ್ಮಿ ಅಕೌಂಟು. ಮೂರು ಬಾಂಡ್‌ಗಳ ಅಣು, ಅಷ್ಟು ಸುಲಭಕ್ಕೆ ಒಡೆಯಲ್ಲ, ನೀರಲ್ಲಿ ಹೆಚ್ಚು ಕರಗಲ್ಲ. ಕೋಟಿಗಟ್ಟಲೆ ವರ್ಷ ಸುಮ್ಮನೆ ಕೂತು ಶೇ. 78 ಆಯ್ತು.

ಖರ್ಚಾದದ್ದು ಎಷ್ಟು ಅಂತ ನೀವೇ ನೋಡಬಹುದು, ಕ್ಯಾಲ್ಕ್ಯುಲೇಟರ್ ತಗೊಳ್ಳಿ. ಸಮುದ್ರಗಳ ಒಟ್ಟು ತೂಕ ಸುಮಾರು 1.4 ಗುಣಿಸು 10ರ 21ನೇ ಘಾತ ಕಿಲೋಗ್ರಾಂ. ಅದನ್ನು 9.8ರಿಂದ ಗುಣಿಸಿ, ಭೂಮಿಯ ಮೇಲ್ಮೈ 5.1 ಗುಣಿಸು 10ರ 14ನೇ ಘಾತ ಚದರ ಮೀಟರ್‌ನಿಂದ ಭಾಗಿಸಿ. ಸುಮಾರು 270 ಬಾರ್ ಬರುತ್ತೆ (ಪ್ರೆಶರ್ ಅಳೆಯೋ ಬಾರ್, ಬೇರೆ ಬಾರ್ ಅಲ್ಲ). ಅಂದ್ರೆ ಸಮುದ್ರವೆಲ್ಲ ಆವಿಯಾಗಿ ಮೇಲೆ ನಿಂತಿದ್ದರೆ ಈಗಿನ 270 ಪಟ್ಟು ಪ್ರೆಶರ್. ಮಂಗಳದಷ್ಟು ದೊಡ್ಡ ಕಾಯವೊಂದು ಡಿಕ್ಕಿ ಹೊಡೆದು ಚಂದ್ರ ಹುಟ್ಟಿದ ಮೇಲೆ ಭೂಮಿಯ ಮೇಲ್ಭಾಗ ಕರಗಿದ ಬಂಡೆಯ ಸಮುದ್ರ ಆಗಿತ್ತು ಅನ್ನೋದು ಈಗ ಹೆಚ್ಚಿನವರು ಒಪ್ಪೋ ಚಿತ್ರ. ಆಗ ಮೇಲಿದ್ದದ್ದು ಇಂಥದ್ದೇ ದಪ್ಪ ಹಬೆ. ಸುಣ್ಣದಕಲ್ಲಿನಲ್ಲಿರೋ ಕಾರ್ಬನ್ ಡೈಆಕ್ಸೈಡ್ ಎಲ್ಲ ವಾಪಸ್ ಬಂದರೆ ಅದೂ ಹತ್ತಾರು ಬಾರ್. ಶುಕ್ರ ಗ್ರಹದಲ್ಲಿ ಅದು ಕಲ್ಲಾಗದೆ ಗಾಳಿಯಲ್ಲೇ ಉಳಿದಿದೆ. ಅಲ್ಲಿ ಪ್ರೆಶರ್ 92 ಬಾರ್, ಅದರಲ್ಲಿ ಶೇ. 96.5 ಕಾರ್ಬನ್ ಡೈಆಕ್ಸೈಡ್. ಎರಡೂ ಗ್ರಹಗಳ ಒಳಗಿಂದ ಬಂದ ಇಂಗಾಲ ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿದೆ, ಇಟ್ಟ ಜಾಗ ಬೇರೆ ಅಷ್ಟೇ.

ಈ ಅನಿಲ ಯಾವಾಗ ಬಂತು? ನಿಧಾನವಾಗಿ 450 ಕೋಟಿ ವರ್ಷಗಳುದ್ದಕ್ಕೂ ಬಂತು ಅನ್ನೋದು ರೂಬಿಯ ಅಭಿಪ್ರಾಯ. ಇದನ್ನು ತಿದ್ದಿದ್ದು ಝೆನಾನ್ ಅನ್ನೋ ಇನ್ನೊಂದು ಸೋಮಾರಿ ಅನಿಲ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನನಗೂ ಇದು ಮೂರನೇ ಸಲಕ್ಕೆ ಅರ್ಥವಾಗಿದ್ದು. ಭೂಮಿ ಹುಟ್ಟುವಾಗ ಅದರೊಳಗೆ ಅಯೋಡಿನ್-129 ಇತ್ತು. ಅದರ ಅರ್ಧಾಯುಷ್ಯ ಸುಮಾರು 1.6 ಕೋಟಿ ವರ್ಷ. ಅಂದ್ರೆ ಮೊದಲ ಹತ್ತು ಕೋಟಿ ವರ್ಷದಲ್ಲಿ ಹೆಚ್ಚುಕಡಿಮೆ ಎಲ್ಲ ಝೆನಾನ್-129 ಆಗಿ ಮುಗಿದುಹೋಯಿತು. ಈಗ ಒಂದು ಬಸ್ಸು ನೆನಪಿಸಿಕೊಳ್ಳಿ. ಮೆಜೆಸ್ಟಿಕ್‌ನಲ್ಲಿ ಬಸ್ಸು ಪೂರ್ತಿ ಖಾಲಿಯಾಗಿ, ಆಮೇಲೆ ಐದು ಜನ ನಮ್ಮ ಕಾಲೇಜಿನವರು ಹತ್ತಿದ್ರೆ ಬಸ್ಸಲ್ಲಿ ಬರೀ ನಮ್ಮವರೇ ಕಾಣ್ತಾರೆ. ಬಸ್ಸು ಖಾಲಿಯಾಗದೆ ಅದೇ ಐದು ಜನ ಹತ್ತಿದ್ರೆ ಗುಂಪಿನಲ್ಲಿ ಕಳೆದುಹೋಗ್ತಾರೆ. ಸಮುದ್ರದ ತಳದ ಬಸಾಲ್ಟ್ ಅಂದ್ರೆ ಭೂಮಿಯ ಒಳಗಿನ ಸ್ಯಾಂಪಲ್. ಅದರಲ್ಲಿ ಬೇರೆ ಝೆನಾನ್‌ಗಳಿಗೆ ಹೋಲಿಸಿದರೆ ಝೆನಾನ್-129ರ ಪಾಲು ಗಾಳಿಯಲ್ಲಿರೋದಕ್ಕಿಂತ ಜಾಸ್ತಿ. ಅಂದ್ರೆ ಅಯೋಡಿನ್ ಇನ್ನೂ ಬದುಕಿದ್ದಾಗಲೇ ಬಸ್ಸು ಬಹಳಷ್ಟು ಖಾಲಿಯಾಗಿತ್ತು. ಮ್ಯಾಂಟಲ್‌ನ ಈ ಭಾಗದ ಅನಿಲದ ದೊಡ್ಡ ಪಾಲು ಮೊದಲ ಹತ್ತಾರು ಕೋಟಿ ವರ್ಷದಲ್ಲೇ ಹೊರಬಂದಾಗಿತ್ತು. ಉಳಿದದ್ದು ನಿಧಾನವಾಗಿ ಈಗಲೂ ಬರ್ತಾ ಇದೆ. ಗಾಳಿಯಲ್ಲಿರೋ ಶೇ. 0.93 ಆರ್ಗಾನ್ ಹಾಗೆ ಬಂದಿದ್ದೇ. ಬಂಡೆಯೊಳಗಿನ ಪೊಟ್ಯಾಸಿಯಂ-40 ನಿಧಾನವಾಗಿ ಒಡೆದು ಆರ್ಗಾನ್ ಆಗಿ, ದಾರಿ ಸಿಕ್ಕಾಗ ಮೇಲೆ ಬಂತು.

ಇಲ್ಲಿವರೆಗೂ ಲೆಕ್ಕಾಚಾರ. ಜಗಳ ಶುರುವಾಗೋದು ಇಲ್ಲಿಂದ. ಆ ಮೊದಲ ಗಾಳಿ ಯಾವ ಥರದ್ದು ಅನ್ನೋದರ ಮೇಲೆ ಜೀವ ಹೇಗೆ ಹುಟ್ಟಿತು ಅನ್ನೋ ಪ್ರಶ್ನೆಯ ಉತ್ತರ ನಿಂತಿದೆ.

ಪಿಯುಸಿಯಲ್ಲಿ ಬಯಾಲಜಿ ಓದಿದವರಿಗೆ ಮಿಲ್ಲರ್ ಪ್ರಯೋಗ ಗೊತ್ತಿರುತ್ತೆ. 1953ರಲ್ಲಿ ಸ್ಟ್ಯಾನ್ಲಿ ಮಿಲ್ಲರ್, ತನ್ನ ಗೈಡ್ ಹೆರಾಲ್ಡ್ ಯೂರಿ ಜೊತೆ, ಮೀಥೇನ್, ಅಮೋನಿಯಾ, ಹೈಡ್ರೋಜನ್, ನೀರಾವಿ ತುಂಬಿದ ಗಾಜಿನ ಬುರುಡೆಯಲ್ಲಿ ಕೃತಕ ಮಿಂಚು ಹೊಡೆಸಿ ಅಮೈನೋ ಆಸಿಡ್ ಪಡೆದರು. ಅದ್ಭುತ ಪ್ರಯೋಗ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಜ್ವಾಲಾಮುಖಿ ಮೀಥೇನ್, ಅಮೋನಿಯಾ ಬಿಡುತ್ತಾ? ಈಗಿನವು ಬಿಡೋದಿಲ್ಲ ಅನ್ನೋಷ್ಟು ಕಡಿಮೆ. ಆಗಿನವು?

ಅದು ಮ್ಯಾಗ್ಮಾದ ಒಳಗೆ ಆಕ್ಸಿಜನ್ ಎಷ್ಟು ಕೈಗೆ ಸಿಗುತ್ತೆ ಅನ್ನೋದರ ಮೇಲೆ ಹೋಗುತ್ತೆ. ಮ್ಯಾಗ್ಮಾದ ಜೊತೆ ಲೋಹದ ಕಬ್ಬಿಣ ಇದ್ದರೆ ಅದು ಸಿಕ್ಕ ಆಕ್ಸಿಜನ್ ಎಲ್ಲ ಕಿತ್ತುಕೊಳ್ಳುತ್ತೆ. ಆಗ ಇಂಗಾಲ ಕಾರ್ಬನ್ ಮಾನಾಕ್ಸೈಡ್, ಮೀಥೇನ್ ರೂಪದಲ್ಲಿ, ನೀರಿನ ಬದಲು ಹೈಡ್ರೋಜನ್ ಹೆಚ್ಚಾಗಿ ಬರುತ್ತೆ. ಕಬ್ಬಿಣದ ಲೋಹ ಭೂಮಿಯ ನಡುವಿಗೆ ಮುಳುಗಿಹೋಗಿ ಮೇಲೆ ಆಕ್ಸೈಡ್ ರೂಪದ ಕಬ್ಬಿಣ ಮಾತ್ರ ಉಳಿದರೆ ಕಾರ್ಬನ್ ಡೈಆಕ್ಸೈಡ್, ನೀರಾವಿ, ಸಲ್ಫರ್ ಡೈಆಕ್ಸೈಡ್ ಬರುತ್ತೆ. ಈ ಬದಲಾವಣೆ ಯಾವಾಗ ಆಯ್ತು ಅಂತ ಹೇಳೋಕೆ ಆ ಕಾಲದ ಕಲ್ಲು ಬೇಕು. 400 ಕೋಟಿ ವರ್ಷಕ್ಕಿಂತ ಹಳೆಯ ಬಂಡೆಗಳು ಬಹುತೇಕ ಉಳಿದೇ ಇಲ್ಲ. ಆದ್ರೆ ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಜಿರ್ಕಾನ್ ಅನ್ನೋ ಖನಿಜದ ಸಣ್ಣ ಸಣ್ಣ ಹರಳುಗಳು ಸಿಕ್ಕಿವೆ. ಅತಿ ಹಳೆಯದು 440 ಕೋಟಿ ವರ್ಷದ್ದು. ಮರಳಿನ ಕಣದಷ್ಟು ಸಣ್ಣದು ಅದು.

ಜಿರ್ಕಾನ್ ಬೆಳೆಯುವಾಗ ಸೀರಿಯಂ ಅನ್ನೋ ಧಾತುವನ್ನು ಒಳಗೆ ಸೇರಿಸಿಕೊಳ್ಳುತ್ತೆ. ಪ್ಲಸ್ ನಾಲ್ಕು ಚಾರ್ಜಿನ ಸೀರಿಯಂ ಅದರ ಸೀಟಿಗೆ ಚೆನ್ನಾಗಿ ಕೂರುತ್ತೆ, ಪ್ಲಸ್ ಮೂರು ಕೂರಲ್ಲ. ಸುತ್ತಲಿನ ಮ್ಯಾಗ್ಮಾದಲ್ಲಿ ಆಕ್ಸಿಜನ್ ಜಾಸ್ತಿ ಸಿಗೋ ಹಾಗಿದ್ದರೆ ಪ್ಲಸ್ ನಾಲ್ಕು ಜಾಸ್ತಿ, ಹರಳೊಳಗೆ ಸೀರಿಯಂ ಜಾಸ್ತಿ. ಅಂದ್ರೆ ಹರಳಿನ ಸೀರಿಯಂ ಅಳೆದರೆ ಮ್ಯಾಗ್ಮಾದ ಸ್ಥಿತಿ ಗೊತ್ತಾಗುತ್ತೆ. ಡಸ್ಟಿನ್ ಟ್ರೇಲ್, ಬ್ರೂಸ್ ವಾಟ್ಸನ್, ನಿಕೋಲಸ್ ಟೇಲ್ಬಿ 2011ರಲ್ಲಿ ಇದನ್ನೇ ಮಾಡಿದರು. ಸುಮಾರು 435 ಕೋಟಿ ವರ್ಷದ ಹಿಂದೆಯೇ ಮ್ಯಾಗ್ಮಾ ಹೆಚ್ಚುಕಡಿಮೆ ಈಗಿನ ಥರವೇ ಇತ್ತು ಅನ್ನೋದು ಅವರ ಉತ್ತರ. ಹಾಗಿದ್ರೆ ಜ್ವಾಲಾಮುಖಿಗಳಿಂದ ಬಂದಿದ್ದು ಮೀಥೇನ್, ಅಮೋನಿಯಾ ಅಲ್ಲ. ಕಾರ್ಬನ್ ಡೈಆಕ್ಸೈಡ್, ನೈಟ್ರೋಜನ್, ನೀರಾವಿ. ಇಂಥ ಮಿಶ್ರಣದಲ್ಲಿ ಮಿಂಚು ಹೊಡೆಸಿದರೆ ಅಮೈನೋ ಆಸಿಡ್ ತುಂಬಾ ಕಡಿಮೆ.

ಹಾಗಂತ ಮಿಲ್ಲರ್ ಸೋತರು ಅಂತಲ್ಲ. ಅವರು ಇನ್ನೊಂದು ಉಪಕರಣವನ್ನೂ ಮಾಡಿದ್ದರು, ಅದರಲ್ಲಿ ಮಿಂಚು ಹೊಡೆಯೋ ಜಾಗಕ್ಕೆ ಬಿಸಿ ಹಬೆ ಜೋರಾಗಿ ಚಿಮ್ಮುತ್ತಿತ್ತು, ಜ್ವಾಲಾಮುಖಿ ಹಬೆ ಬಿಟ್ಟ ಹಾಗೆ. ಮಿಲ್ಲರ್ 2007ರಲ್ಲಿ ತೀರಿಕೊಂಡರು. ಅವರು 1950ರ ದಶಕದಲ್ಲಿ ಸೀಲ್ ಮಾಡಿ ಇಟ್ಟ ಸಣ್ಣ ಬಾಟಲಿಗಳು ಉಳಿದಿದ್ದವು. 2008ರಲ್ಲಿ ಈಗಿನ ಯಂತ್ರಗಳಿಂದ ಪರೀಕ್ಷೆ ಮಾಡಿದಾಗ ಆ ಜ್ವಾಲಾಮುಖಿ ಉಪಕರಣದ ಸ್ಯಾಂಪಲ್‌ಗಳಲ್ಲಿ 22 ಅಮೈನೋ ಆಸಿಡ್ ಸಿಕ್ಕವು. ಇಡೀ ಭೂಮಿಯ ಗಾಳಿ ಹಾಗಿಲ್ಲದಿದ್ದರೂ, ಒಂದೊಂದು ಜ್ವಾಲಾಮುಖಿಯ ಬಾಯಿಯ ಸುತ್ತ, ಹೈಡ್ರೋಜನ್ ಜಾಸ್ತಿ ಇರೋ ಹೊಗೆಯಲ್ಲಿ, ಮಿಂಚಿನ ನಡುವೆ, ಆಗಿರಬಹುದು ಅನ್ನೋ ವಾದಕ್ಕೆ ಇದರಿಂದ ಜೀವ ಬಂತು. ನನಗೆ ಈ ವಾದ ಇಷ್ಟ, ಆದ್ರೆ ಇಷ್ಟ ಅನ್ನೋದು ಪುರಾವೆ ಅಲ್ಲ. ಲ್ಯಾಬ್ ರೆಕಾರ್ಡ್ ಮುಗಿದ ತಕ್ಷಣ ರದ್ದಿಗೆ ಹಾಕೋ ನನ್ನಂಥವರಿಗೆ ಐವತ್ತು ವರ್ಷ ಬಾಟಲಿ ಎತ್ತಿಟ್ಟ ವಿಷಯವೇ ದೊಡ್ಡದು.

ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇತ್ತು ಅನ್ನೋದು ಇನ್ನೊಂದು ಕಡೆಯಿಂದಲೂ ಬೇಕಾಗುತ್ತೆ. ಆಗ ಸೂರ್ಯನ ಬೆಳಕು ಈಗಿಗಿಂತ ಶೇ. 30ರಷ್ಟು ಕಡಿಮೆ. ಈಗಿನ ಗಾಳಿಯೇ ಆಗ ಇದ್ದಿದ್ದರೆ ಸಮುದ್ರ ಹೆಪ್ಪುಗಟ್ಟಬೇಕಿತ್ತು. ಆದ್ರೆ ನೀರು ಹರಿದ ಗುರುತು ಹಳೆಯ ಕಲ್ಲುಗಳಲ್ಲಿ ಇದೆ. ಕಾರ್ಲ್ ಸೇಗನ್, ಜಾರ್ಜ್ ಮುಲೆನ್ 1972ರಲ್ಲಿ ಇದನ್ನು ಎತ್ತಿ ತೋರಿಸಿ, ಅಮೋನಿಯಾ ಭೂಮಿಯನ್ನು ಬೆಚ್ಚಗಿಟ್ಟಿತ್ತು ಅಂದರು. ಆದ್ರೆ ಅಮೋನಿಯಾ ಅಲ್ಟ್ರಾವಯಲೆಟ್ ಬೆಳಕಿಗೆ ಬೇಗ ಒಡೆದುಹೋಗುತ್ತೆ. ಈಗ ಹೆಚ್ಚಿನವರು ಕಾರ್ಬನ್ ಡೈಆಕ್ಸೈಡ್ ಕಡೆ ಕೈ ತೋರಿಸ್ತಾರೆ. ಇದರಲ್ಲಿ ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಪೇಪರಿನ ಫೀಡ್‌ಬ್ಯಾಕ್ ಲೂಪ್ ಕೂತಿದೆ. ಭೂಮಿ ತಣ್ಣಗಾದ್ರೆ ಮಳೆ ಕಡಿಮೆ, ಬಂಡೆ ಸವೆಯೋದು ಕಡಿಮೆ, ಸುಣ್ಣದಕಲ್ಲಾಗೋದು ಕಡಿಮೆ. ಜ್ವಾಲಾಮುಖಿ ಮಾತ್ರ ತನ್ನ ಪಾಡಿಗೆ ಕಾರ್ಬನ್ ಡೈಆಕ್ಸೈಡ್ ಬಿಡ್ತಾನೇ ಇರುತ್ತೆ. ಅದು ಗಾಳಿಯಲ್ಲಿ ತುಂಬಿ ಮತ್ತೆ ಬಿಸಿ. ಬಿಸಿ ಹೆಚ್ಚಾದ್ರೆ ಸವೆತ ಹೆಚ್ಚಾಗಿ ಮತ್ತೆ ಕೆಳಗೆ. 1981ರಲ್ಲಿ ವಾಕರ್, ಹೇಸ್, ಕಾಸ್ಟಿಂಗ್ ಇದನ್ನು ಬರೆದಿಟ್ಟರು. ಒಂದೇ ತೊಂದರೆ, ಈ ಲೂಪ್‌ನ ರೆಸ್ಪಾನ್ಸ್ ಟೈಮ್ ಲಕ್ಷಗಟ್ಟಲೆ ವರ್ಷ. (ಫ್ಯಾಮಿಲಿ ಗ್ರೂಪಿನಲ್ಲಿ ಯಾರಾದ್ರೂ ಮಾವ "ಮನುಷ್ಯರಿಗಿಂತ ಜ್ವಾಲಾಮುಖಿಗಳೇ ಜಾಸ್ತಿ ಕಾರ್ಬನ್ ಬಿಡೋದು" ಅಂತ ಫಾರ್ವರ್ಡ್ ಮಾಡಿದ್ರೆ ಮರ್ಯಾದೆಯಿಂದಲೇ ಹೇಳಿ: ಈಗ ನಾವು ಬಿಡೋದರ ಮುಂದೆ ಅವು ಬಿಡೋದು ನೂರರಲ್ಲಿ ಒಂದೆರಡು ಪಾಲು.)

ಉಳಿದಿದ್ದು ಆಕ್ಸಿಜನ್. ಆಕ್ಸಿಜನ್ ಇರಲಿಲ್ಲ ಅಂತ ಹೇಗೆ ಗೊತ್ತು? ಇದಕ್ಕೆ ಸಾಕ್ಷಿ ಹೇಳಿದ್ದೂ ಜ್ವಾಲಾಮುಖಿಯ ಸಲ್ಫರ್ರೇ. ಸಲ್ಫರ್‌ಗೆ 32, 33, 34, 36 ಅಂತ ನಾಲ್ಕು ಸ್ಥಿರ ಐಸೋಟೋಪ್‌ಗಳು. ಸಾಮಾನ್ಯ ರಾಸಾಯನಿಕ ಕ್ರಿಯೆಗಳು ತೂಕ ನೋಡಿ ಭೇದ ಮಾಡುತ್ತವೆ. 34ರಲ್ಲಿ ಎಷ್ಟು ವ್ಯತ್ಯಾಸ ಬರುತ್ತೋ 33ರಲ್ಲಿ ಅದರ ಅರ್ಧದಷ್ಟು, ಸರಿಯಾಗಿ ಹೇಳಬೇಕಂದ್ರೆ 0.515ರಷ್ಟು. 2000ನೇ ಇಸವಿಯಲ್ಲಿ ಜೇಮ್ಸ್ ಫರ್ಕ್ವಾರ್ ಮತ್ತು ಜೊತೆಗಾರರು ಹಳೆಯ ಕಲ್ಲುಗಳನ್ನು ಅಳೆದಾಗ ಸುಮಾರು 240 ಕೋಟಿ ವರ್ಷಕ್ಕಿಂತ ಹಳೆಯವು ಈ ನಿಯಮ ಮುರಿದಿದ್ದವು, ಹೊಸವು ಪಾಲಿಸಿದ್ದವು. ನಿಯಮ ಮುರಿಯೋಕೆ ಗೊತ್ತಿರೋ ಮುಖ್ಯ ದಾರಿ, ಸಲ್ಫರ್ ಡೈಆಕ್ಸೈಡ್ ಅನ್ನು ಅಲ್ಟ್ರಾವಯಲೆಟ್ ಬೆಳಕು ಒಡೆಯೋದು. ಓಝೋನ್ ಇದ್ದರೆ ಆ ಬೆಳಕು ಕೆಳಗೆ ಬರೋದೇ ಇಲ್ಲ. ಆಕ್ಸಿಜನ್ ಇಲ್ಲದೆ ಓಝೋನ್ ಇಲ್ಲ. ಜೊತೆಗೆ ಆಕ್ಸಿಜನ್ ಇದ್ದರೆ ಒಡೆದ ಸಲ್ಫರ್ ಎಲ್ಲ ಸಲ್ಫೇಟ್ ಆಗಿ ಕಲೆತುಹೋಗಿ ಗುರುತು ಅಳಿಸಿಹೋಗುತ್ತೆ. ಮಾಡೆಲ್ ಲೆಕ್ಕದಲ್ಲಿ ಗುರುತು ಉಳಿಯಬೇಕಂದ್ರೆ ಆಕ್ಸಿಜನ್ ಈಗಿನದರ ಒಂದು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ ಇರಬೇಕು. ಅಂದ್ರೆ ಭೂಮಿಯ ವಯಸ್ಸಿನ ಹತ್ತಿರ ಹತ್ತಿರ ಅರ್ಧ ಕಾಲ, ಇಲ್ಲಿ ಬಂದು ನಿಂತರೆ ನಮಗೆ ಒಂದು ಉಸಿರೂ ಸಿಗ್ತಿರಲಿಲ್ಲ.

ವಿಚಿತ್ರ ಏನಂದ್ರೆ ಆಕ್ಸಿಜನ್ ಮಾಡೋ ಸಯನೋಬ್ಯಾಕ್ಟೀರಿಯಾ ಅದಕ್ಕೂ ಮೊದಲೇ ಇದ್ದಿರಬೇಕು. ಎಷ್ಟು ಮೊದಲು ಅನ್ನೋದರಲ್ಲಿ ಜಗಳ ಇದೆ. ಹಾಗಿದ್ರೂ ಆಕ್ಸಿಜನ್ ಯಾಕೆ ತುಂಬಲಿಲ್ಲ? ಒಂದು ಕಾರಣ, ಜ್ವಾಲಾಮುಖಿಗಳು ಬಿಡ್ತಿದ್ದ ಹೈಡ್ರೋಜನ್, ಹೈಡ್ರೋಜನ್ ಸಲ್ಫೈಡ್ ಅದನ್ನು ಹುಟ್ಟಿದ ಹಾಗೆ ತಿಂದುಹಾಕ್ತಿದ್ದವು. ಸಮುದ್ರದಲ್ಲಿ ಕರಗಿದ್ದ ಕಬ್ಬಿಣವೂ ತಿಂತಿತ್ತು. ಈಗ ಸೋಡಾ ಬಾಟಲಿ ನೆನಪಿಸಿಕೊಳ್ಳಿ. ಜ್ವಾಲಾಮುಖಿ ಎರಡೂವರೆ ಕಿಲೋಮೀಟರ್ ನೀರಿನ ಕೆಳಗಿದ್ದರೆ ಅದರ ಬಾಯಿಯ ಮೇಲೆ 250 ಬಾರ್ ಪ್ರೆಶರ್. ಮುಚ್ಚಳ ಅರ್ಧ ಮಾತ್ರ ತೆರೆದ ಹಾಗೆ. ಅಲ್ಲಿಂದ ಬರೋ ಸಲ್ಫರ್ ಹೆಚ್ಚಾಗಿ ಹೈಡ್ರೋಜನ್ ಸಲ್ಫೈಡ್ ರೂಪದಲ್ಲಿ, ಅಂದ್ರೆ ಆಕ್ಸಿಜನ್ ತಿನ್ನೋ ರೂಪದಲ್ಲಿ ಬರುತ್ತೆ. ನೆಲದ ಮೇಲಿನ ಜ್ವಾಲಾಮುಖಿಯಿಂದ ಅದೇ ಸಲ್ಫರ್ ಡೈಆಕ್ಸೈಡ್ ಆಗಿ ಬರುತ್ತೆ, ಅದರ ಹಸಿವು ಕಡಿಮೆ. ಸುಮಾರು 250 ಕೋಟಿ ವರ್ಷದ ಹಿಂದೆ ದೊಡ್ಡ ಸ್ಥಿರ ಖಂಡಗಳು ಎದ್ದು, ಸಮುದ್ರದ ಕೆಳಗಿದ್ದ ಜ್ವಾಲಾಮುಖಿಗಳ ಪಾಲು ಕಡಿಮೆಯಾಗಿ ನೆಲದ ಮೇಲಿನವು ಹೆಚ್ಚಾದವು, ಅದಾದ ಮೇಲೇ ಆಕ್ಸಿಜನ್ ತಲೆ ಎತ್ತಿತು ಅಂತ ಲೀ ಕಂಪ್ ಮತ್ತು ಮಾರ್ಕ್ ಬಾರ್ಲಿ 2007ರಲ್ಲಿ ವಾದಿಸಿದರು. ಎಲ್ಲರೂ ಒಪ್ಪಿಲ್ಲ. ಹೈಡ್ರೋಜನ್ ಆಕಾಶಕ್ಕೆ ಹಾರಿಹೋಗಿ ಭೂಮಿ ನಿಧಾನವಾಗಿ ಆಕ್ಸಿಡೈಸ್ ಆಯ್ತು ಅನ್ನೋದು ಇನ್ನೊಂದು ವಾದ. ಎರಡೂ ಒಟ್ಟಿಗೆ ನಡೆದಿರಬಾರದು ಅಂತೇನಿಲ್ಲ.

ಇದೆಲ್ಲ ಓದುವಾಗ ಎಲ್ಲವೂ ಆಸ್ಟ್ರೇಲಿಯಾ, ಅಮೆರಿಕ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಗಿದ್ದು, ಸಂಡೂರು, ಬಳ್ಳಾರಿ ಕಡೆಯಿಂದ ಲಾರಿಗಳಲ್ಲಿ ಹೋಗೋ ಕಬ್ಬಿಣದ ಅದಿರಿನ ಮೂಲವೂ ಇದೇ ಕಥೆಯ ಒಂದು ಪುಟ ಅಂತ. ಆಕ್ಸಿಜನ್ ಇಲ್ಲದ ಸಮುದ್ರದಲ್ಲಿ, ತಳದ ಬಿಸಿನೀರಿನ ಬುಗ್ಗೆಗಳಿಂದ ಬಂದು ಕರಗಿದ್ದ ಕಬ್ಬಿಣ ಅದು. ಸೂಕ್ಷ್ಮಜೀವಿಗಳ ಕೆಲಸದಿಂದ ಆಕ್ಸಿಡೈಸ್ ಆಗಿ ಪದರ ಪದರವಾಗಿ ತಳಕ್ಕೆ ಕೂತಿತು. ಇನ್ನು ಸಮುದ್ರದ ಕೆಳಗಿನ ಆ ಜ್ವಾಲಾಮುಖಿ ಲಾವಾ ಹೇಗಿರುತ್ತೆ ಅಂತ ನೋಡೋಕೆ ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಗೆ ಹೋದರೆ ಸಾಕು. ನೀರಿನೊಳಗೆ ಚೆಲ್ಲಿದ ಲಾವಾ ಹೊರಗಡೆ ತಟ್ಟನೆ ತಣ್ಣಗಾಗಿ ದಿಂಬಿನ ಆಕಾರದಲ್ಲಿ ಗಟ್ಟಿಯಾಗುತ್ತೆ, ಅದರ ಮೇಲೆ ಇನ್ನೊಂದು ದಿಂಬು. ಅಲ್ಲಿರೋವು ಸುಮಾರು 250 ಕೋಟಿ ವರ್ಷ ಹಿಂದಿನವು, ಅಂದ್ರೆ ಗಾಳಿಯಲ್ಲಿ ಆಕ್ಸಿಜನ್ ಇನ್ನೂ ಬಂದಿರದ ಕಾಲದವು. ದುರ್ಗದ ಕೋಟೆ ನೋಡೋಕೆ ನಾನು ಎರಡು ಸಲ ಹೋಗಿದ್ದೀನಿ, ಎರಡು ಸಲವೂ ಇದು ಗೊತ್ತೇ ಇರಲಿಲ್ಲ. ಇಂಟರ್ನಲ್ಸ್ ಮುಗಿದ ಮೇಲೆ ಆ ಕ್ವಿಜ್ ಟೀಮಿನವರೇ ಹೋಗೋದು ಅಂತ ಮಾತಾಗಿದೆ. ಬರೋರು ಬನ್ನಿ. ಸುತ್ತಿಗೆ ಮಾತ್ರ ತರಬೇಡಿ, ಜಿಯಾಲಾಜಿಕಲ್ ಸರ್ವೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ, ಒಂದು ಚೂರೂ ಒಡೆಯೋ ಹಾಗಿಲ್ಲ.